ರೂಢಿಯ ಬಲ, ಇನ್ನೊಬ್ಬರ ಕಣ್ಣು: ಶೀಲಸಾಧನೆಯ ಬಗೆಗಿನ ಕ್ರೈಸ್ತ ಚಿಂತನೆ

ಮನುಷ್ಯನು ತನ್ನ ದೋಷವನ್ನು ಚೆನ್ನಾಗಿ ತಿಳಿದ ಮೇಲೂ ಅದನ್ನೇ ಮತ್ತೆ ಮತ್ತೆ ಮಾಡುವುದೇಕೆ ಎಂಬ ಪ್ರಶ್ನೆಗೆ ಪ್ರಾಚೀನ ಗ್ರೀಕರಲ್ಲಿ ಎರಡು ಪ್ರಸಿದ್ಧ ಉತ್ತರಗಳಿದ್ದವು. ಒಳಿತು ಯಾವುದೆಂಬ ನಿಜವಾದ ಅರಿವು ಮೂಡಿದವನು ಬೇಕೆಂದು ಕೆಡುಕನ್ನು ಮಾಡಲಾರನು, ಆದ್ದರಿಂದ ತಪ್ಪಿನ ಬೇರು ಅಜ್ಞಾನದಲ್ಲಿದೆ ಎಂಬುದು ಸಾಕ್ರಟೀಸನ ನಿಲುವಾಗಿತ್ತೆಂದು ಪ್ಲೇಟೋವಿನ ಸಂವಾದಗಳಿಂದ ತಿಳಿಯುತ್ತದೆ. ಅರಿಸ್ಟಾಟಲನಾದರೋ ಅರಿವೊಂದೇ ಸಾಲದೆಂದು ಹೇಳಿ, ಕಟ್ಟಡಗಳನ್ನು ಕಟ್ಟುತ್ತ ಕಟ್ಟುತ್ತ ಒಬ್ಬನು ಕಟ್ಟಡದ ಕೆಲಸಗಾರನಾಗುವಂತೆ ನ್ಯಾಯವಾದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ನ್ಯಾಯವಂತನಾಗುತ್ತಾನೆಂದು, ಅಂದರೆ ಶೀಲವೆಂಬುದು ಅಭ್ಯಾಸದಿಂದ ರೂಪುಗೊಳ್ಳುವ ಸಂಪತ್ತೆಂದು ಪ್ರತಿಪಾದಿಸಿದನು. ಕ್ರಿ.ಶ. 57ರ ಸುಮಾರಿನಲ್ಲಿ ಅಪೊಸ್ತಲ ಪೌಲನು ರೋಮ್ ನಗರದ ಕ್ರೈಸ್ತರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ಮೂರನೆಯ ಉತ್ತರವೊಂದು ಕಾಣಿಸಿಕೊಳ್ಳುತ್ತದೆ. ಮಾಡಬೇಕೆಂದು ಮನಸ್ಸು ಬಯಸುವ ಒಳಿತನ್ನು ಮಾಡಲಾಗದೆ, ಮಾಡಬಾರದೆಂದು ಹೇಸುವ ಕೆಡುಕನ್ನೇ ಮಾಡುತ್ತಿರುವ ಮನುಷ್ಯನ ಒಳಗಿನ ಬಿರುಕನ್ನು ಪೌಲನು ಅಲ್ಲಿ ವರ್ಣಿಸುತ್ತಾನೆ. ಈ ಮನುಷ್ಯನಲ್ಲಿ ಅರಿವಿಗೆ ಕೊರತೆಯಿಲ್ಲ, ಬಯಕೆಗೂ ಕೊರತೆಯಿಲ್ಲ. ಆದರೂ ಅವನ ಕೈಕಾಲುಗಳು ಅವನ ಮಾತನ್ನು ಕೇಳುತ್ತಿಲ್ಲ.

ಈ ಅನುಭವದಿಂದ ಕ್ರೈಸ್ತ ಚಿಂತಕರು ಹೊರಡಿಸಿದ ಮುಖ್ಯ ತೀರ್ಮಾನವು ಎಲ್ಲರಿಗೂ ಗೊತ್ತಿರುವಂಥದ್ದು: ಮನುಷ್ಯನ ಸ್ವಂತ ಬಲಕ್ಕೆ ಮೀರಿದ, ಅವನ ಅರ್ಹತೆಯನ್ನು ಎಣಿಸದೆ ದೇವರು ನೀಡುವ ನೆರವು ಅವನಿಗೆ ಬೇಕು, ಈ ನೆರವನ್ನೇ ಅವರು ಕೃಪೆ ಎಂದು ಕರೆದರು. ಆದರೆ ಅದರ ಜೊತೆಗೇ ಬೆಳೆದು ಬಂದ, ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ತಿಳಿವಳಿಕೆಯೂ ಈ ಪರಂಪರೆಯಲ್ಲಿದೆ. ರೂಢಿಯು ಮನುಷ್ಯನ ಸಂಕಲ್ಪವನ್ನು ಕಟ್ಟಿಹಾಕುವುದಲ್ಲದೆ ಅವನ ದೃಷ್ಟಿಯನ್ನೂ ಮಂಕಾಗಿಸುತ್ತದೆ, ದಿನವೂ ಮಾಡುವ ಕೆಲಸ ಕಣ್ಣಿಗೆ ಬೀಳುವುದನ್ನೇ ನಿಲ್ಲಿಸುತ್ತದೆ, ಆದ್ದರಿಂದ ತನ್ನನ್ನು ತಿದ್ದಿಕೊಳ್ಳಬಯಸುವವನಿಗೆ ತನ್ನದಲ್ಲದ ಒಂದು ಕಣ್ಣು ಬೇಕೇಬೇಕು ಎಂಬುದೇ ಆ ತಿಳಿವಳಿಕೆ. ಇಂದಿನ ಆತ್ಮವಿಕಾಸದ ಪುಸ್ತಕಗಳು ಒಬ್ಬಂಟಿ ಓದುಗನನ್ನೂ ಅವನ ಇಚ್ಛಾಶಕ್ತಿಯನ್ನೂ ಮಾತ್ರ ನಂಬಿಕೊಂಡಿರುವಾಗ, ಎರಡು ಸಾವಿರ ವರ್ಷಗಳ ಈ ಅನುಭವವನ್ನು ಮತ್ತೆ ಪರಿಶೀಲಿಸುವುದು ವ್ಯರ್ಥವಾಗಲಾರದು.

ರೂಢಿಯ ಕುರಿತ ಕ್ರೈಸ್ತ ಚಿಂತನೆಗೆ ಅತ್ಯಂತ ಆಳವಾದ ಅಡಿಪಾಯವನ್ನು ಹಾಕಿದವನು ಸಂತ ಅಗಸ್ಟೀನ್. ಇಂದಿನ ಅಲ್ಜೀರಿಯಾ ದೇಶಕ್ಕೆ ಸೇರಿದ ಥಗಾಸ್ಟೆ ಎಂಬ ಊರಿನಲ್ಲಿ 354ರಲ್ಲಿ ಹುಟ್ಟಿ, ಕಾರ್ಥೇಜಿನಲ್ಲಿ ಓದಿ, ರೋಮ್ ಮತ್ತು ಮಿಲಾನ್ ನಗರಗಳಲ್ಲಿ ವಾಕ್ಚಾತುರ್ಯ ಶಾಸ್ತ್ರದ ಅಧ್ಯಾಪಕನಾಗಿದ್ದ ಅವನು, 386ರಲ್ಲಿ ಮಿಲಾನಿನ ಮನೆಯೊಂದರ ತೋಟದಲ್ಲಿ ಮನಃಪರಿವರ್ತನೆ ಹೊಂದಿ, ಮರುವರ್ಷ ಬಿಷಪ್ ಆಂಬ್ರೋಸನಿಂದ ದೀಕ್ಷಾಸ್ನಾನ ಪಡೆದನು. ಹತ್ತು ವರ್ಷಗಳ ಬಳಿಕ ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಆಗಿದ್ದಾಗ ಬರೆಯತೊಡಗಿದ 'ಕನ್ಫೆಷನ್ಸ್' ಎಂಬ ಹದಿಮೂರು ಭಾಗಗಳ ಗ್ರಂಥದಲ್ಲಿ ಅವನು ತನ್ನ ಬದುಕನ್ನೇ ದೇವರ ಮುಂದೆ ಬಿಚ್ಚಿಟ್ಟಿದ್ದಾನೆ. ಅದರ ಎಂಟನೆಯ ಭಾಗದಲ್ಲಿ, ಪರಿವರ್ತನೆಯ ಹಿಂದಿನ ದಿನಗಳ ತೊಳಲಾಟವನ್ನು ಹೇಳುವಾಗ, ತನ್ನ ಬುದ್ಧಿಗೆ ಯಾವ ಸಂದೇಹವೂ ಉಳಿದಿರಲಿಲ್ಲವೆಂಬುದನ್ನು ಅವನು ಒತ್ತಿ ಹೇಳುತ್ತಾನೆ. ದಾರಿ ತಪ್ಪಿದ ಇಚ್ಛೆಯಿಂದ ಕಾಮನೆ ಹುಟ್ಟಿತು, ಕಾಮನೆಗೆ ಸೇವೆ ಸಲ್ಲಿಸುತ್ತ ಹೋದಂತೆ ರೂಢಿ ಬೆಳೆಯಿತು, ತಡೆಯದೆ ಬಿಟ್ಟ ರೂಢಿಯು ಅನಿವಾರ್ಯತೆಯಾಯಿತು. ಒಂದಕ್ಕೊಂದು ಕೊಂಡಿ ಸೇರಿಕೊಂಡ ಈ ಸರಪಳಿಯನ್ನು ಹೊರಗಿನವರಾರೂ ತನಗೆ ತೊಡಿಸಲಿಲ್ಲ, ತನ್ನ ಇಚ್ಛೆಯೇ ಅದನ್ನು ಎರಕ ಹೊಯ್ದಿತು ಎಂಬುದು ಅವನ ವಿಶ್ಲೇಷಣೆ. ರೂಢಿಯ ಹೊಣೆ ಮನುಷ್ಯನದೇ, ಆದರೆ ಅದನ್ನು ಕಳಚುವ ಶಕ್ತಿ ಅವನ ಕೈಯಿಂದ ಜಾರಿಹೋಗಿರುತ್ತದೆ ಎಂಬ ಈ ಜಟಿಲ ಸತ್ಯವನ್ನು ಅಷ್ಟು ಸ್ಪಷ್ಟವಾಗಿ ಅವನಿಗಿಂತ ಮೊದಲು ಬರೆದವರು ವಿರಳ.

ಅದೇ ಗ್ರಂಥದಲ್ಲಿ ಅಗಸ್ಟೀನನು ತನ್ನ ಹತ್ತಿರದವರ ಕುರಿತು ಹೇಳುವ ಎರಡು ಸಂಗತಿಗಳು ಈ ವಿಶ್ಲೇಷಣೆಗೆ ರಕ್ತಮಾಂಸ ತುಂಬುತ್ತವೆ. ಅವನ ಗೆಳೆಯ ಅಲಿಪಿಯಸನು ಕಾನೂನು ಕಲಿಯಲು ರೋಮ್ ನಗರಕ್ಕೆ ಹೋಗಿದ್ದಾಗ, ಮನುಷ್ಯರು ಸಾಯುವವರೆಗೆ ಕಾದಾಡುವ ಗ್ಲೇಡಿಯೇಟರ್ ಕಾಳಗಗಳನ್ನು ಕಂಡರೆ ಅಸಹ್ಯಪಡುತ್ತಿದ್ದನು. ಸಹಪಾಠಿಗಳು ಅವನನ್ನು ಬಲವಂತವಾಗಿ ಕ್ರೀಡಾಂಗಣಕ್ಕೆ ಎಳೆದೊಯ್ದಾಗ, ದೇಹವನ್ನು ಎಳೆಯಬಹುದೇ ಹೊರತು ಮನಸ್ಸನ್ನು ಎಳೆಯಲಾರಿರಿ ಎಂಬ ಧೈರ್ಯದಲ್ಲಿ ಅವನು ಕಣ್ಣು ಮುಚ್ಚಿ ಕುಳಿತನು. ಒಬ್ಬ ಕಾದಾಳು ಬಿದ್ದಾಗ ಜನಸಮೂಹದಿಂದ ಎದ್ದ ಭಾರಿ ಕೂಗಿಗೆ ಕುತೂಹಲ ತಡೆಯಲಾರದೆ ಕಣ್ಣು ತೆರೆದವನು ಆ ಕ್ಷಣದಲ್ಲೇ ಸೋತುಹೋಗಿ, ಮುಂದೆ ತಾನೇ ಇತರರನ್ನು ಅಲ್ಲಿಗೆ ಕರೆದೊಯ್ಯುವಷ್ಟು ಅದಕ್ಕೆ ಅಂಟಿಕೊಂಡನು. ತನ್ನ ಬಲವನ್ನು ನಂಬಿದ್ದೇ ಅವನ ದುರ್ಬಲತೆಯಾಗಿತ್ತೆಂದು ಅಗಸ್ಟೀನನು ಗುರುತಿಸುತ್ತಾನೆ.

ಎರಡನೆಯದು ಅವನ ತಾಯಿ ಮೋನಿಕಾಳ ಬಾಲ್ಯದ ಸಂಗತಿ. ಇದು ಮೊದಲಿನದಕ್ಕಿಂತಲೂ ಹೆಚ್ಚು ಅರ್ಥಪೂರ್ಣವಾದುದು. ಪೀಪಾಯಿಯಿಂದ ದ್ರಾಕ್ಷಾರಸ ತರಲು ಹೆತ್ತವರು ಕಳುಹಿಸುತ್ತಿದ್ದಾಗ ಆ ಹುಡುಗಿ ಕುಡಿಯುವ ಆಸೆಯಿಂದೇನೂ ಅಲ್ಲ, ಎಳೆಯ ವಯಸ್ಸಿನ ತುಂಟತನದಿಂದ ತುಟಿ ತೇವವಾಗುವಷ್ಟು ಹೀರುತ್ತಿದ್ದಳು. ದಿನಕ್ಕೆ ಒಂದಿಷ್ಟು ಸೇರುತ್ತ ಸೇರುತ್ತ ಅದು ಬಟ್ಟಲು ತುಂಬ ಕುಡಿಯುವ ಮಟ್ಟಕ್ಕೆ ಬಂತು. ಮನೆಯ ಮಕ್ಕಳನ್ನು ಕಟ್ಟುನಿಟ್ಟಾಗಿ ಬೆಳೆಸುತ್ತಿದ್ದ ವೃದ್ಧ ದಾಸಿಯ ಕಣ್ಣಿಗೂ ಇದು ಬೀಳಲಿಲ್ಲ, ಮೋನಿಕಾಳಿಗೂ ತಾನೇನು ಆಗುತ್ತಿದ್ದೇನೆಂದು ತಿಳಿಯಲಿಲ್ಲ. ಒಂದು ದಿನ ಅವಳ ಜೊತೆಗೆ ಹೋಗುತ್ತಿದ್ದ ಕಿರಿಯ ದಾಸಿಯೊಬ್ಬಳು ಜಗಳದ ಸಿಟ್ಟಿನಲ್ಲಿ ಅವಳನ್ನು ಕುಡುಕಿ ಎಂದು ಹಂಗಿಸಿದಳು. ಆ ಒಂದು ಮಾತು ನಾಟಿ ಮೋನಿಕಾ ಆ ಚಾಳಿಯನ್ನು ಅಂದೇ ಬಿಟ್ಟಳು. ದಾಸಿಯ ಉದ್ದೇಶ ನೋಯಿಸುವುದಾಗಿತ್ತೇ ಹೊರತು ತಿದ್ದುವುದಲ್ಲವೆಂದೂ, ಆದರೂ ಅವಳ ಕೋಪವನ್ನೇ ದೇವರು ಶಸ್ತ್ರವೈದ್ಯನ ಉಪಕರಣದಂತೆ ಬಳಸಿದನೆಂದೂ ಅಗಸ್ಟೀನನು ವ್ಯಾಖ್ಯಾನಿಸುತ್ತಾನೆ. ಈ ಪುಟ್ಟ ಘಟನೆಯಲ್ಲಿ ರೂಢಿಯ ಸಂಪೂರ್ಣ ಚರಿತ್ರೆಯಿದೆ: ಕಣ್ಣಿಗೆ ಕಾಣದಷ್ಟು ಸಣ್ಣ ಆರಂಭ, ಲೆಕ್ಕಕ್ಕೆ ಸಿಗದ ಏರಿಕೆ, ಸ್ವಂತ ಕುರುಡುತನ, ಮತ್ತು ಹೊರಗಿನಿಂದ, ಅದೂ ಸಾಮಾಜಿಕವಾಗಿ ತನಗಿಂತ ಕೆಳಗಿದ್ದವಳ ಬಾಯಿಂದ ಬಂದ ಸತ್ಯ.

ಅಗಸ್ಟೀನನ ಕಾಲದಲ್ಲೇ ಬ್ರಿಟನ್ನಿನಿಂದ ರೋಮ್ ನಗರಕ್ಕೆ ಬಂದಿದ್ದ ಪೆಲಾಜಿಯಸ್ ಎಂಬ ತಪಸ್ವಿಯು ಈ ವಿಚಾರಧಾರೆಯನ್ನು ಬಲವಾಗಿ ವಿರೋಧಿಸಿದನು. ದೇವರು ಆಜ್ಞಾಪಿಸಿದ್ದನ್ನು ಪಾಲಿಸುವ ಸಾಮರ್ಥ್ಯವನ್ನೂ ಅವನೇ ಮನುಷ್ಯಸ್ವಭಾವದಲ್ಲಿ ಇಟ್ಟಿದ್ದಾನೆ, ಇಲ್ಲದಿದ್ದರೆ ಆಜ್ಞೆಗೆ ಅರ್ಥವಿಲ್ಲ, ಕೃಪೆಯ ನೆಪ ಹೇಳಿಕೊಂಡು ಕ್ರೈಸ್ತರು ಸೋಮಾರಿಗಳಾಗಬಾರದು ಎಂಬುದು ಅವನ ಕಳಕಳಿಯಾಗಿತ್ತು. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಧರ್ಮಸಭೆ ಅವನ ಬೋಧನೆಯನ್ನು ಖಂಡಿಸಿತು. ಪಾಠಪುಸ್ತಕಗಳು ಈ ಇಬ್ಬರನ್ನು ಎದುರುಬದುರು ನಿಲ್ಲಿಸಿ ಮುಗಿಸುತ್ತವೆ. ಆದರೆ 413ರ ಸುಮಾರಿಗೆ ಡೆಮೆಟ್ರಿಯಾಸ್ ಎಂಬ ತರುಣಿಗೆ ಬರೆದ ಪತ್ರದಲ್ಲಿ ಪೆಲಾಜಿಯಸನು ಒಳಿತು ಮಾಡುವುದು ಕಷ್ಟವೆನಿಸಲು ದೀರ್ಘಕಾಲದ ಕೆಟ್ಟ ರೂಢಿಯೇ ಕಾರಣವೆಂದು ಹೇಳಿರುವುದನ್ನು ಗಮನಿಸಿದರೆ, ರೂಢಿಯ ಬಲದ ವಿಷಯದಲ್ಲಿ ಇಬ್ಬರಿಗೂ ಜಗಳವಿರಲಿಲ್ಲವೆಂಬುದು ತಿಳಿಯುತ್ತದೆ. ಆ ಬಲವನ್ನು ಮುರಿಯುವ ಬಲ ಎಲ್ಲಿಂದ ಬರುತ್ತದೆಂಬುದರಲ್ಲಿ ಮಾತ್ರ ಅವರು ಬೇರೆಯಾದರು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಕನ್ನಡದ ಗಾದೆಯನ್ನು ಇಬ್ಬರೂ ಒಪ್ಪುತ್ತಿರಲಿಲ್ಲ. ಗುಣ ಬದಲಾಗುತ್ತದೆಂಬ ಭರವಸೆ ಇಬ್ಬರಿಗೂ ಇತ್ತು.

ಸಿದ್ಧಾಂತಿಗಳು ಹೀಗೆ ವಾದಕ್ಕಿಳಿಯುವ ಮೊದಲೇ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ವಿಗಳು ಅದೇ ಪ್ರಶ್ನೆಯನ್ನು ದಿನನಿತ್ಯದ ಪ್ರಯೋಗವಾಗಿ ಬಾಳುತ್ತಿದ್ದರು. ಇವರಲ್ಲಿ ಮೊದಲಿಗನೆಂದು ಹೆಸರಾದ ಸಂತ ಆಂತೋನಿಯು 356ರಲ್ಲಿ ತೀರಿಕೊಂಡ ಕೆಲವೇ ಕಾಲದಲ್ಲಿ ಬಿಷಪ್ ಅಥನೇಸಿಯಸ್ ಬರೆದ ಅವನ ಚರಿತ್ರೆಯಲ್ಲಿ ಒಂದು ವಿಶಿಷ್ಟ ಸಲಹೆಯಿದೆ. ಪ್ರತಿಯೊಬ್ಬನೂ ತನ್ನ ಕೃತ್ಯಗಳನ್ನೂ ಮನಸ್ಸಿನ ಚಲನೆಗಳನ್ನೂ ಇತರರಿಗೆ ವರದಿ ಒಪ್ಪಿಸುವವನಂತೆ ಬರೆದಿಡಬೇಕು, ಏಕೆಂದರೆ ಇನ್ನೊಬ್ಬರು ನೋಡುತ್ತಿರುವಾಗ ಯಾರೂ ಪಾಪ ಮಾಡುವುದಿಲ್ಲ, ಬರೆದ ಅಕ್ಷರವೇ ಸಹತಪಸ್ವಿಯ ಕಣ್ಣಿನ ಜಾಗದಲ್ಲಿ ನಿಲ್ಲಲಿ ಎಂದು ಆಂತೋನಿಯು ಶಿಷ್ಯರಿಗೆ ಹೇಳುತ್ತಾನೆ. ದಿನಚರಿ ಬರೆಯುವುದನ್ನು ಇಂದು ತನ್ನೊಡನೆ ತಾನು ಮಾತಾಡುವ ಏಕಾಂತದ ಕೆಲಸವೆಂದು ಭಾವಿಸಲಾಗುತ್ತದೆ. ಆಂತೋನಿಗೆ ಅದು ಗೈರುಹಾಜರಾದ ನೆರೆಯವನನ್ನು ಹಾಜರುಪಡಿಸುವ ಉಪಾಯವಾಗಿತ್ತು. ಜೊತೆಗೆ, ಕಿರಿಯ ತಪಸ್ವಿಯು ತನ್ನ ಮನಸ್ಸಿನಲ್ಲಿ ಏಳುವ ಯೋಚನೆಗಳನ್ನು ಮುಚ್ಚಿಡದೆ ಅಬ್ಬಾ, ಅಂದರೆ ತಂದೆ, ಎಂದು ಕರೆಯಲ್ಪಡುತ್ತಿದ್ದ ಹಿರಿಯನಿಗೆ ತಿಳಿಸುವ ಪದ್ಧತಿಯೂ ಅಲ್ಲಿ ನೆಲೆಗೊಂಡಿತು.

ಈ ಅನುಭವವನ್ನು ಶಾಸ್ತ್ರವಾಗಿ ಕಟ್ಟಿದವನು ಎವಾಗ್ರಿಯಸ್. ಕಾನ್‌ಸ್ಟಾಂಟಿನೋಪಲಿನಲ್ಲಿ ಧರ್ಮಸೇವೆಯಲ್ಲಿ ಹೆಸರು ಮಾಡಿದ್ದ ಅವನು, ವಿವಾಹಿತೆಯೊಬ್ಬಳ ಮೇಲಿನ ಅನುರಾಗದ ಸುಳಿಯಿಂದ ತಪ್ಪಿಸಿಕೊಳ್ಳಲು ನಗರವನ್ನೇ ತೊರೆದು, ಜೆರೂಸಲೇಮಿನ ಮೂಲಕ ಈಜಿಪ್ಟಿನ ಮರುಭೂಮಿಗೆ ಬಂದು 399ರಲ್ಲಿ ಸಾಯುವವರೆಗೆ ಅಲ್ಲೇ ಬಾಳಿದನು. ಹೊಟ್ಟೆಬಾಕತನ, ಕಾಮ, ಧನಲೋಭ, ವಿಷಾದ, ಕೋಪ, ಅಕೇಡಿಯಾ, ಕೀರ್ತಿಲೋಭ, ಅಹಂಕಾರ ಎಂಬ ಎಂಟು ಯೋಚನೆಗಳಿಂದ ಎಲ್ಲ ದೋಷಗಳೂ ಹೊರಡುತ್ತವೆಂದು ಅವನು ವರ್ಗೀಕರಿಸಿದನು. ಇವನ್ನು ಅವನು ಪಾಪಗಳೆಂದು ಕರೆಯದೆ ಯೋಚನೆಗಳೆಂದೇ ಕರೆದದ್ದು ಮಹತ್ವದ ಅಂಶ; ಯೋಚನೆ ಮನಸ್ಸಿನೊಳಗೆ ಬರುವುದು ನಮ್ಮ ಅಧೀನದಲ್ಲಿಲ್ಲ, ಅದು ಅಲ್ಲಿ ತಂಗುವುದೋ ಇಲ್ಲವೋ ಎಂಬುದು ನಮ್ಮ ಅಧೀನದಲ್ಲಿದೆ ಎಂಬ ಅವನ ವಿವೇಚನೆಯು ಕೆಟ್ಟ ಯೋಚನೆ ಬಂತೆಂದೇ ತನ್ನನ್ನು ಹೀಗಳೆದುಕೊಳ್ಳುವ ಸೂಕ್ಷ್ಮ ಮನಸ್ಸುಗಳಿಗೆ ದೊಡ್ಡ ಸಮಾಧಾನವನ್ನು ತಂದಿತು. ಅಕೇಡಿಯಾ ಎಂದರೆ ಮಾಡುತ್ತಿರುವ ಸಾಧನೆಯಲ್ಲಿ ಹುಟ್ಟುವ ಬೇಸರ. ಮಧ್ಯಾಹ್ನದ ಹೊತ್ತಿನಲ್ಲಿ ಸೂರ್ಯ ಚಲಿಸುವಂತೆಯೇ ತೋರದೆ, ದಿನವು ಐವತ್ತು ಗಂಟೆಗಳಷ್ಟು ಉದ್ದವೆನಿಸಿ, ಕಿಟಕಿಯತ್ತ ಮತ್ತೆ ಮತ್ತೆ ನೋಡುತ್ತ, ಕೈಕೆಲಸ ಹೇಸಿಗೆಯಾಗಿ, ಸಹೋದರರಲ್ಲಿ ಪ್ರೀತಿಯೇ ಇಲ್ಲವೆನಿಸಿ, ಬೇರೆಲ್ಲಾದರೂ ಹೋದರೆ ಎಲ್ಲವೂ ಸುಲಭವಾದೀತೆಂದು ಮನಸ್ಸು ಹಂಬಲಿಸುವ ಸ್ಥಿತಿಯನ್ನು ಎವಾಗ್ರಿಯಸನು ಬಣ್ಣಿಸುವ ರೀತಿಯನ್ನು ಓದಿದವರಿಗೆ, ಹದಿನಾರು ಶತಮಾನಗಳ ಅಂತರ ಮರೆತುಹೋಗುತ್ತದೆ.

ಮರುಭೂಮಿಯ ಈ ಜ್ಞಾನವನ್ನು ಜಾನ್ ಕ್ಯಾಸಿಯನ್ ಎಂಬಾತನು ಐದನೆಯ ಶತಮಾನದ ಆರಂಭದಲ್ಲಿ ಇಂದಿನ ಫ್ರಾನ್ಸಿನ ಮಾರ್ಸೇ ನಗರಕ್ಕೆ ತಂದು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗೊರಿಯು ಆ ಎಂಟು ಯೋಚನೆಗಳ ಪಟ್ಟಿಯನ್ನು ಮಾರ್ಪಡಿಸಿ ಅಹಂಕಾರವನ್ನು ಎಲ್ಲಕ್ಕೂ ಮೂಲವಾಗಿ ಇರಿಸಿದನು, ಅದರಿಂದಲೇ ಏಳು ಮಹಾಪಾಪಗಳ ಕಲ್ಪನೆ ಬೆಳೆಯಿತು. ಈ ಇತಿಹಾಸದಲ್ಲಿ ಸ್ವಸುಧಾರಣೆಯ ಹಂಬಲವುಳ್ಳವರು ಮರೆಯಬಾರದ ಭಾಗವೆಂದರೆ ಕೀರ್ತಿಲೋಭದ ವಿವರಣೆ. ಉಳಿದ ದೋಷಗಳು ಸೋತಾಗ ಕುಗ್ಗುತ್ತವೆ, ಇದೊಂದು ಮಾತ್ರ ಮನುಷ್ಯನ ಗೆಲುವನ್ನೇ ತಿಂದು ಕೊಬ್ಬುತ್ತದೆ. ಉಪವಾಸ ಮಾಡಿದವನನ್ನು ಉಪವಾಸದ ಹೆಮ್ಮೆಯಿಂದಲೂ, ಉಪವಾಸವನ್ನು ಮುಚ್ಚಿಟ್ಟವನನ್ನು ಮುಚ್ಚಿಟ್ಟ ಹೆಮ್ಮೆಯಿಂದಲೂ ಅದು ಹಿಡಿಯುತ್ತದೆ. ಸಿಪ್ಪೆ ಸುಲಿದಷ್ಟೂ ಒಳಗೆ ಇನ್ನೊಂದು ಪದರ ಕಾಣುವ ಈರುಳ್ಳಿಗೆ ಹಿರಿಯರು ಇದನ್ನು ಹೋಲಿಸುತ್ತಿದ್ದರೆಂದು ಕ್ಯಾಸಿಯನ್ ದಾಖಲಿಸಿದ್ದಾನೆ. ವಾರಕ್ಕೆರಡು ಉಪವಾಸಗಳನ್ನೂ ದಶಮಾಂಶ ದಾನವನ್ನೂ ದೇವರ ಮುಂದೆ ಲೆಕ್ಕ ಒಪ್ಪಿಸುವ ಫರಿಸಾಯನನ್ನು ಬಿಟ್ಟು, ದೂರ ನಿಂತು ತಲೆತಗ್ಗಿಸಿದ ಸುಂಕದವನನ್ನು ಯೇಸು ಕ್ರಿಸ್ತನು ಮೆಚ್ಚಿದ ದೃಷ್ಟಾಂತವು ಲೂಕನ ಸುವಾರ್ತೆಯಲ್ಲಿದೆ. ಆ ಫರಿಸಾಯನ ಲೆಕ್ಕದಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದೇ ಆ ದೃಷ್ಟಾಂತದ ಕಟು ಅಂಶ.

ಮಧ್ಯಯುಗದಲ್ಲಿ ಈ ಚಿಂತನೆಯು ಎರಡು ದಾರಿಗಳಲ್ಲಿ ಸಾಗಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಗುರುವಿನ ಮುಂದೆ ಪಾಪನಿವೇದನೆ ಮಾಡಬೇಕೆಂದು ವಿಧಿಸಿ, ಇನ್ನೊಬ್ಬರ ಮುಂದೆ ತನ್ನನ್ನು ತೆರೆಯುವ ಮಠದ ಪದ್ಧತಿಯನ್ನು ಎಲ್ಲರ ಬಾಳಿಗೂ ತಂದಿತು. ಅದೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಎಂಬ ದೇವಶಾಸ್ತ್ರಜ್ಞನು ಅರಿಸ್ಟಾಟಲನ ವಿಚಾರಗಳನ್ನು ಕ್ರೈಸ್ತ ಚಿಂತನೆಯೊಡನೆ ಬೆಸೆದನು. ಅವನ ಪ್ರಕಾರ ಸದ್ಗುಣದ ರೂಢಿಯೆಂದರೆ ಯಂತ್ರದಂತೆ ಒಂದೇ ಕ್ರಿಯೆಯನ್ನು ಪುನರಾವರ್ತಿಸುವುದಲ್ಲ. ಒಳಿತನ್ನು ಸರಾಗವಾಗಿಯೂ ಸಂತೋಷದಿಂದಲೂ ಮಾಡಲು ವ್ಯಕ್ತಿಯನ್ನು ಅಣಿಗೊಳಿಸುವ, ನೆಲೆನಿಂತ ಒಲವು. ವಿವೇಕ, ನ್ಯಾಯ, ಧೈರ್ಯ, ಮಿತಗಳೆಂಬ ಗುಣಗಳನ್ನು ಅಭ್ಯಾಸದಿಂದ ಗಳಿಸಬಹುದೆಂದೂ, ವಿಶ್ವಾಸ, ನಿರೀಕ್ಷೆ, ಪ್ರೀತಿಗಳನ್ನು ದೇವರೇ ಆತ್ಮದಲ್ಲಿ ಸುರಿಯುತ್ತಾನೆಂದೂ ಅವನು ಹೇಳಿದನು. 1517ರಲ್ಲಿ ಮಾರ್ಟಿನ್ ಲೂಥರನು ಈ ಬೆಸುಗೆಯ ಮೇಲೆಯೇ ದಾಳಿ ಮಾಡಿ, ನೀತಿಯ ಕೆಲಸಗಳನ್ನು ಮಾಡುವುದರಿಂದ ಯಾರೂ ದೇವರ ಮುಂದೆ ನೀತಿವಂತರಾಗುವುದಿಲ್ಲ, ದೇವರಿಂದ ನೀತಿವಂತರಾಗಿಸಲ್ಪಟ್ಟ ಮೇಲೆ ನೀತಿಯ ಕೆಲಸಗಳು ಹೊರಡುತ್ತವೆ ಎಂದು ಸಾರಿದನು. ಲೂಥರನ ಮಾತಿನಲ್ಲಿ ಒಂದು ಬಿಡುಗಡೆಯಿದೆ, ಅದನ್ನು ಕಡೆಗಣಿಸುವಂತಿಲ್ಲ: ತನ್ನ ಬೆಲೆಯನ್ನು ಸಾಬೀತುಪಡಿಸಲು ಒಳ್ಳೆಯವನಾಗಬೇಕಾಗಿಲ್ಲವೆಂದು ತಿಳಿದವನಿಗೆ ಮಾತ್ರ ತನ್ನ ದೋಷವನ್ನು ಹೆದರದೆ ನೋಡಲು ಸಾಧ್ಯ.

ಹೆದರಿಕೆಯಿಂದ ಮಾಡುವ ಆತ್ಮಶೋಧನೆ ಎಂಥ ರೋಗವಾಗಬಲ್ಲದೆಂಬುದಕ್ಕೆ ಲೂಥರನ ಸಮಕಾಲೀನನೂ ಕಥೋಲಿಕ ಪಕ್ಷದ ಮಹಾಪುರುಷನೂ ಆದ ಇಗ್ನೇಷಿಯಸ್ ಲೊಯೋಲನ ಬಾಳೇ ಸಾಕ್ಷಿ. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಈ ಸ್ಪೇನಿನ ಯೋಧನು, ಹಾಸಿಗೆಯಲ್ಲಿದ್ದಾಗ ಓದಿದ ಸಂತರ ಚರಿತ್ರೆಗಳಿಂದ ಬದಲಾಗಿ, ಮರುವರ್ಷ ಮನ್ರೇಸ ಎಂಬ ಊರಿನಲ್ಲಿ ತಪಸ್ಸಿಗೆ ನಿಂತನು. ಅಲ್ಲಿ ಹಳೆಯ ಪಾಪಗಳನ್ನು ಸರಿಯಾಗಿ ನಿವೇದಿಸಿದೆನೋ ಇಲ್ಲವೋ ಎಂಬ ಸಂಶಯ ಮುಗಿಯದೆ ಕಾಡಿ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಅವನನ್ನು ಒಯ್ದಿತು. ಈ ಕತ್ತಲೆಯನ್ನು ದಾಟಿ ಬಂದವನು ರೂಪಿಸಿದ 'ಆತ್ಮಿಕ ಸಾಧನೆಗಳು' ಎಂಬ ಕೈಪಿಡಿಯು 1548ರಲ್ಲಿ ಅಚ್ಚಾಯಿತು. ಅದರಲ್ಲಿ ಒಂದೇ ಒಂದು ದೋಷವನ್ನು ಆರಿಸಿಕೊಂಡು ಅದನ್ನು ಕಳೆಯುವ ವಿಧಾನವಿದೆ: ಬೆಳಗ್ಗೆ ಎದ್ದೊಡನೆ ಸಂಕಲ್ಪ, ಮಧ್ಯಾಹ್ನದ ಊಟದ ನಂತರ ಒಮ್ಮೆ ಮತ್ತು ರಾತ್ರಿ ಊಟದ ನಂತರ ಒಮ್ಮೆ ಪರಿಶೀಲನೆ, ಎಡವಿದಾಗ ಯಾರಿಗೂ ತಿಳಿಯದಂತೆ ಎದೆಯ ಮೇಲೆ ಕೈಯಿಡುವುದು, ವಾರದ ಏಳು ದಿನಗಳಿಗೂ ಎರಡೆರಡು ಗೆರೆಗಳನ್ನೆಳೆದು ಎಡವಿದಷ್ಟು ಸಲ ಚುಕ್ಕೆಯಿಡುವುದು. ತನ್ನ ದೋಷದೊಡನೆ ದಿನವಿಡೀ ಹೋರಾಡುವವನಿಗೆ ಮಾರ್ಗದರ್ಶಕನೊಬ್ಬನು ಜೊತೆಗಿರಬೇಕೆಂದೂ, ದಿನದ ಪರಿಶೀಲನೆಯು ದೇವರ ಉಪಕಾರಗಳಿಗೆ ಕೃತಜ್ಞತೆಯಿಂದ ಆರಂಭವಾಗಬೇಕೆಂದೂ ಅವನು ವಿಧಿಸಿದುದರ ಹಿಂದೆ ಮನ್ರೇಸದ ನೋವಿನ ಪಾಠವಿದೆಯೆಂದು ಊಹಿಸುವುದು ತಪ್ಪಾಗಲಾರದು.

ಪ್ರೊಟೆಸ್ಟೆಂಟ್ ಜಗತ್ತಿನಲ್ಲಿ ಪಾಪನಿವೇದನೆಯ ಕಡ್ಡಾಯ ಕಳಚಿಬಿದ್ದಾಗ, ಇನ್ನೊಬ್ಬರ ಕಣ್ಣಿನ ಅಗತ್ಯ ಬೇರೆ ರೂಪಗಳಲ್ಲಿ ಮರಳಿ ಬಂತು. ಇಂಗ್ಲೆಂಡಿನ ಜಾನ್ ವೆಸ್ಲಿಯ ಅನುಯಾಯಿಗಳು ಬ್ರಿಸ್ಟಲಿನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು 1742ರಲ್ಲಿ ಹನ್ನೆರಡು ಹನ್ನೆರಡು ಜನರ ತಂಡಗಳನ್ನು ಮಾಡಿ, ಪ್ರತಿಯೊಬ್ಬರಿಂದ ವಾರಕ್ಕೊಂದು ಪೆನ್ನಿ ಸಂಗ್ರಹಿಸಲು ಮುಖಂಡರನ್ನು ನೇಮಿಸಿದರು. ಹಣಕ್ಕಾಗಿ ಮನೆಮನೆಗೆ ಹೋದ ಮುಖಂಡರಿಗೆ ಸದಸ್ಯರ ಕುಡಿತ, ಜಗಳ, ಬಡತನಗಳು ಕಣ್ಣಿಗೆ ಬಿದ್ದವು. ವೆಸ್ಲಿಯು ಅದನ್ನು ಗ್ರಹಿಸಿ ಆ ತಂಡಗಳನ್ನೇ ವಾರಕ್ಕೊಮ್ಮೆ ಸೇರಿ ಪ್ರತಿಯೊಬ್ಬರ ಆತ್ಮಸ್ಥಿತಿಯನ್ನು ವಿಚಾರಿಸುವ ಕೂಟಗಳನ್ನಾಗಿ ಮಾರ್ಪಡಿಸಿದನು. ಗಣಿ ಕೆಲಸಗಾರರಿಂದ ಮನೆಗೆಲಸದ ಹೆಂಗಸರವರೆಗೆ ಸಾಮಾನ್ಯ ಜನರು ಒಬ್ಬರಿಗೊಬ್ಬರು ಶೀಲದ ಸಹಾಯಕರಾದ ಈ ವ್ಯವಸ್ಥೆ ಮೆಥಡಿಸ್ಟ್ ಚಳವಳಿಯ ಬೆನ್ನೆಲುಬಾಯಿತು.

ಜರ್ಮನ್ ಭಾಷೆಯ ನಾಡುಗಳಲ್ಲಿ ಇದಕ್ಕೂ ಮೊದಲೇ ಇಂಥ ಕೂಟಗಳನ್ನು ಬೆಳೆಸಿದ್ದ ಪಯಟಿಸ್ಟ್ ಚಳವಳಿ, ಅಂದರೆ ಬಾಯಿಮಾತಿನ ವಿಶ್ವಾಸಕ್ಕಿಂತ ಬಾಳಿನ ಶುದ್ಧಿಗೆ ಒತ್ತುಕೊಟ್ಟ ಭಕ್ತಿಪಂಥ, ಬಾಸೆಲ್ ಮಿಷನ್ನಿನ ಮೂಲಕ 1834ರಲ್ಲಿ ಕರ್ನಾಟಕದ ಕರಾವಳಿಯನ್ನು ಮುಟ್ಟಿತು. ಕನ್ನಡಿಗರು ಈ ಮಿಷನ್ನನ್ನು ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ', ಕಿಟ್ಟೆಲ್ಲರ ನಿಘಂಟು, ಹಂಚಿನ ಕಾರ್ಖಾನೆಗಳಿಂದ ನೆನೆಯುತ್ತಾರೆ. ಮತಾಂತರದಿಂದ ಮನೆ, ಕಸುಬುಗಳನ್ನು ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸಲು ಹುಟ್ಟಿದ ನೇಯ್ಗೆಯ ಶಾಲೆಗಳೂ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆಯೂ ಮಿಷನರಿಗಳ ದೃಷ್ಟಿಯಲ್ಲಿ ಶೀಲದ ಶಾಲೆಗಳೂ ಆಗಿದ್ದವು. ಹೊತ್ತಿಗೆ ಸರಿಯಾಗಿ ಬರುವುದು, ಪ್ರಾಮಾಣಿಕ ದುಡಿಮೆ, ಕುಡಿತದಿಂದ ದೂರವಿರುವುದು ಇವೆಲ್ಲ ವಿಶ್ವಾಸದ ಫಲಗಳೆಂದು ಅವರು ಎಣಿಸಿದರು. ಅನೇಕ ಕುಟುಂಬಗಳ ಬಾಳು ಇದರಿಂದ ನಿಜವಾಗಿಯೂ ನೆಲೆಗೊಂಡಿತು. ಆದರೆ ಕೂಲಿ ಕೊಡುವವನೂ ಆತ್ಮವನ್ನು ವಿಚಾರಿಸುವವನೂ ಒಂದೇ ಸಂಸ್ಥೆಯಾದಾಗ, ಒಳಗಿನಿಂದ ಬೆಳೆದ ರೂಢಿ ಯಾವುದು, ಅನ್ನದ ಭಯದಿಂದ ತೊಟ್ಟ ರೂಢಿ ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗುತ್ತದೆ. ಇನ್ನೊಬ್ಬರ ಕಣ್ಣು ಸಮಾನರ ಕಣ್ಣಾಗಿರಬೇಕೆಂಬ ವೆಸ್ಲಿಯ ಕೂಟಗಳ ಗುಣ ಇಲ್ಲಿ ಅಷ್ಟು ಸುಲಭವಾಗಿರಲಿಲ್ಲ.

ಸ್ವಸುಧಾರಣೆಯ ಕ್ರೈಸ್ತ ಶಿಸ್ತು ಲೌಕಿಕ ಶಿಸ್ತಾಗಿ ಹೊರಳಿದ ತಿರುವನ್ನು ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತ್ಯದಲ್ಲಿ ಮೂರು ವರ್ಷಗಳ ಅಂತರದಲ್ಲಿ ಹುಟ್ಟಿದ ಇಬ್ಬರಲ್ಲಿ ಕಾಣಬಹುದು. 1703ರಲ್ಲಿ ಹುಟ್ಟಿದ ಜೊನಾಥನ್ ಎಡ್ವರ್ಡ್ಸ್ ಮುಂದೆ ಆ ನಾಡಿನ ಶ್ರೇಷ್ಠ ದೇವಶಾಸ್ತ್ರಜ್ಞನಾದನು. 1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಬೆಂಜಮಿನ್ ಫ್ರಾಂಕ್ಲಿನ್ ವಿಜ್ಞಾನಿಯೂ ರಾಜಕಾರಣಿಯೂ ಆದನು. ಎಡ್ವರ್ಡ್ಸ್ ಇನ್ನೂ ಇಪ್ಪತ್ತು ತುಂಬುವ ಮೊದಲೇ, 1722 ಮತ್ತು 1723ರಲ್ಲಿ, ಕಾಲವನ್ನು ವ್ಯರ್ಥಮಾಡದಿರುವುದರಿಂದ ಹಿಡಿದು ಯಾರ ಬಗ್ಗೆಯೂ ಕೆಟ್ಟದ್ದನ್ನು ಆಡದಿರುವವರೆಗೆ 70 ಸಂಕಲ್ಪಗಳನ್ನು ಬರೆದುಕೊಂಡು ವಾರಕ್ಕೊಮ್ಮೆ ಓದುವ ನಿಯಮ ಮಾಡಿಕೊಂಡನು. ದೇವರ ನೆರವಿಲ್ಲದೆ ಇವುಗಳಲ್ಲಿ ಒಂದನ್ನೂ ನಡೆಸಲಾರೆನೆಂಬ ಒಪ್ಪಿಗೆಯನ್ನು ಪಟ್ಟಿಯ ತಲೆಯಲ್ಲೇ ಬರೆದನು. ಫ್ರಾಂಕ್ಲಿನ್ ಆತ್ಮಚರಿತ್ರೆಯಲ್ಲಿ ಹೇಳುವಂತೆ ಅವನು ಆರಿಸಿಕೊಂಡ ಸದ್ಗುಣಗಳು ಹದಿಮೂರು. ಪುಟ್ಟ ಪುಸ್ತಕದಲ್ಲಿ ವಾರದ ದಿನಗಳಿಗೆ ಮನೆಗಳನ್ನು ಗೀಚಿ, ವಾರಕ್ಕೊಂದು ಗುಣದಂತೆ ಗಮನಿಸುತ್ತ, ತಪ್ಪಿದಲ್ಲಿ ಕಪ್ಪು ಚುಕ್ಕೆಯಿಡುವ ಅವನ ವಿಧಾನ ಇಗ್ನೇಷಿಯಸನ ಗೆರೆಗಳನ್ನು ಬಲವಾಗಿ ಹೋಲುತ್ತದೆ. ಅವನ ಮೊದಲ ಪಟ್ಟಿಯಲ್ಲಿ ಗುಣಗಳು ಹನ್ನೆರಡೇ ಇದ್ದವೆಂಬುದನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ನೀನು ಗರ್ವಿಯೆಂದು ಜನ ಭಾವಿಸುತ್ತಾರೆಂದು ಕ್ವೇಕರ್ ಪಂಥದ ಗೆಳೆಯನೊಬ್ಬನು ಸ್ನೇಹದಿಂದ ತಿಳಿಸಿದ ಮೇಲೆ ಹದಿಮೂರನೆಯದಾಗಿ ವಿನಯ ಸೇರಿತು. ತನ್ನನ್ನು ತಾನೇ ತಿದ್ದಿಕೊಂಡವರಲ್ಲಿ ಅಗ್ರಗಣ್ಯನೆನಿಸಿದವನ ಪಟ್ಟಿಯಲ್ಲೂ ಅತ್ಯಗತ್ಯವಾಗಿದ್ದ ಗುಣವನ್ನು ಸೇರಿಸಿದ್ದು ಇನ್ನೊಬ್ಬನ ಕಣ್ಣು.

ಆದರೆ ಇಡೀ ಸಮಾಜವೇ ಒಂದು ರೂಢಿಯಲ್ಲಿ ಮುಳುಗಿರುವಾಗ ನೆರೆಯವನ ಕಣ್ಣೂ ಸಹಾಯಕ್ಕೆ ಬರುವುದಿಲ್ಲ. 70 ಸಂಕಲ್ಪಗಳ ಎಡ್ವರ್ಡ್ಸ್ 1731ರಲ್ಲಿ ಆಫ್ರಿಕದ ಬಾಲಕಿಯೊಬ್ಬಳನ್ನು ಹಣ ಕೊಟ್ಟು ಗುಲಾಮಳಾಗಿ ಕೊಂಡುಕೊಂಡನು. ಅಷ್ಟು ಸೂಕ್ಷ್ಮವಾದ ಆತ್ಮಶೋಧನೆಗೆ ಅದು ದೋಷವಾಗಿ ಕಾಣಲೇ ಇಲ್ಲ. ಅದನ್ನು ಕಂಡವರು ಅವನ ಶಿಷ್ಯ ಸ್ಯಾಮುಯೆಲ್ ಹಾಪ್ಕಿನ್ಸ್ ಮತ್ತು ಎಡ್ವರ್ಡ್ಸನ ಸ್ವಂತ ಮಗ. ಸ್ವಾರ್ಥವಿಲ್ಲದ ಪ್ರೀತಿಯೇ ಸದ್ಗುಣವೆಂಬ ಗುರುವಿನ ಬೋಧನೆಯನ್ನೇ ಹಿಡಿದುಕೊಂಡು ಇಬ್ಬರೂ ಮುಂದೆ ಗುಲಾಮಗಿರಿಯನ್ನು ಬಹಿರಂಗವಾಗಿ ಖಂಡಿಸಿದರು. ಸಮುದ್ರಯಾನಿ ಜಾನ್ ನ್ಯೂಟನ್ನನ ಕಥೆ ಇನ್ನೂ ಕಠೋರವಾದುದು. 1748ರ ಬಿರುಗಾಳಿಯೊಂದರಲ್ಲಿ ದೇವರತ್ತ ತಿರುಗಿದ ಅವನು, ಅದಾದ ಮೇಲೆ 1750ರಿಂದ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳ ನಾಯಕನಾಗಿ ಮೂರು ಯಾನಗಳನ್ನು ಮಾಡಿದನು. ಕೆಳಗಿನ ಅಂತಸ್ತಿನಲ್ಲಿ ಸಂಕೋಲೆ ತೊಟ್ಟ ನೂರಾರು ಮನುಷ್ಯರಿರುವಾಗ ಮೇಲಿನ ಅಂತಸ್ತಿನಲ್ಲಿ ಅವನು ನಾವಿಕರಿಗೆ ಭಾನುವಾರದ ಆರಾಧನೆ ನಡೆಸುತ್ತಿದ್ದನು, ದಿನಚರಿ ಬರೆಯುತ್ತಿದ್ದನು, ಕೆಟ್ಟ ಮಾತನ್ನು ಬಿಟ್ಟಿದ್ದನು. ಆ ವ್ಯಾಪಾರದ ನ್ಯಾಯಾನ್ಯಾಯದ ಬಗ್ಗೆ ಆಗ ತನಗೆ ಯಾವ ಸಂಕೋಚವೂ ಹುಟ್ಟಲಿಲ್ಲವೆಂದು ಅವನೇ ಬರೆದಿದ್ದಾನೆ. ಅವನು ಆ ಕಸುಬನ್ನು ಬಿಟ್ಟದ್ದೂ ಅನಾರೋಗ್ಯದಿಂದಲೇ ಹೊರತು ಪಶ್ಚಾತ್ತಾಪದಿಂದಲ್ಲ.

ಅಲ್ಲಿಂದ ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು. 1764ರಲ್ಲಿ ಗುರುದೀಕ್ಷೆ ಪಡೆದು, ಜಗತ್ಪ್ರಸಿದ್ಧವಾದ 'ಅಮೇಜಿಂಗ್ ಗ್ರೇಸ್' ಕೀರ್ತನೆಯನ್ನು ಬರೆದು, ಲಂಡನ್ನಿನಲ್ಲಿ ಬೋಧಕನಾಗಿ ನೆಲೆಸಿದ ಮೇಲೆ, ಗುಲಾಮರ ವ್ಯಾಪಾರದ ವಿರುದ್ಧ ಚಳವಳಿ ಎದ್ದು ಇತರರು ಮಾತಾಡತೊಡಗಿದಾಗ, 1788ರಲ್ಲಿ ನ್ಯೂಟನ್ ಆ ವ್ಯಾಪಾರವನ್ನು ಕುರಿತ ಕಿರುಹೊತ್ತಗೆಯನ್ನು ಪ್ರಕಟಿಸಿ ತನ್ನ ಪಾಲನ್ನು ಹೆಸರು ಹಾಕಿ ಒಪ್ಪಿಕೊಂಡನು. ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ನಿಂತು, ಹಡಗಿನೊಳಗೆ ಮನುಷ್ಯರನ್ನು ಹೇಗೆ ಒತ್ತೊತ್ತಾಗಿ ಮಲಗಿಸಲಾಗುತ್ತಿತ್ತು, ಹೇಗೆ ಶಿಕ್ಷಿಸಲಾಗುತ್ತಿತ್ತು ಎಂದು ಕಣ್ಣಾರೆ ಕಂಡ, ಕೈಯಾರೆ ಮಾಡಿದ ಸಾಕ್ಷಿಯಾಗಿ ಹೇಳಿದನು. ಆ ವ್ಯಾಪಾರವನ್ನು ನಿಷೇಧಿಸುವ ಕಾಯ್ದೆ 1807ರ ಮಾರ್ಚಿನಲ್ಲಿ ಅಂಗೀಕಾರವಾದಾಗ ಅವನಿಗೆ 81 ವರ್ಷ. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡನು. ಬಿರುಗಾಳಿಯ ಆ ದಿನವನ್ನು ಅವನು ಜೀವನದುದ್ದಕ್ಕೂ ವರ್ಷ ವರ್ಷವೂ ಸ್ಮರಿಸುತ್ತಿದ್ದನಾದರೂ, ಪೂರ್ಣ ಅರ್ಥದಲ್ಲಿ ತಾನು ವಿಶ್ವಾಸಿಯಾದದ್ದು ಅದಾಗಿ ಬಹಳ ಕಾಲದ ಮೇಲೆಯೇ ಎಂದು ತನ್ನ ಜೀವನವೃತ್ತಾಂತದಲ್ಲಿ ದಾಖಲಿಸಿದ್ದಾನೆ.